ಗಂಜಿ ಬಳಿಯದ ಕಂಬಳಿ

ಆ ಕಂಬಳಿಯನ್ನು ನಾನು ನನಗಾಗಿ ಮಾಡಿಸಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಈಗಲೂ ಅದನ್ನು ನನ್ನ ನೆಗೆಣ್ಣಿಯ ಕಂಬಳಿ ಅನ್ನುತ್ತಾರೆ. ನೆಗೆಣ್ಣಿ ಅಂದರೆ ನನ್ನ ಮೈದುನನ ಹೆಂಡತಿ. ಕೇಳಿದಾಗಲೆಲ್ಲ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಐವತ್ತರ ದಶಕದ ಮಾತು. ಚಪಳಗಾಂವದಲ್ಲಿ ನಮ್ಮದು ಕುರಿ ಸಾಕುವ ಮನೆ. ಪ್ರತಿ ಕಾರ್ತಿಕದಲ್ಲಿ ಅತ್ತೆ ಊರಿನ ದಿಂಡಿಯ, ಅಂದರೆ ಭಕ್ತರ ತಂಡದ ಜೊತೆ, ಭಜನೆ ಮಾಡುತ್ತ, ಸೊಲ್ಲಾಪುರ ಹಾದು ಪಂಢರಪುರಕ್ಕೆ ನಡೆದು ಹೋಗುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ನನಗೂ ಹೋಗುವ ಆಸೆ. ದೇವರ ಮೇಲಿನ ಭಕ್ತಿ ಎಷ್ಟಿತ್ತೋ, ಒಲೆ, ಕೊಟ್ಟಿಗೆ, ಮಕ್ಕಳ ರಗಳೆ ಬಿಟ್ಟು ಸುಮ್ಮನೆ ನಡೆಯುತ್ತಲೇ ಇರಬೇಕೆಂಬ ಆಸೆಯೂ ಅಷ್ಟೇ ಇತ್ತು. ಸಣ್ಣ ಮಗ ಮೊಲೆ ಬಿಟ್ಟ ಮೇಲೆ ಕರೆದೊಯ್ಯುತ್ತೇನೆ ಎಂದು ಅತ್ತೆ ಮಾತು ಕೊಟ್ಟಿದ್ದಳು.

ಆ ಮಾತು ನಂಬಿ ನಾನು ದಾರಿಗೆ ಹೊರುವ ಗಂಟಿನ ತಯಾರಿಗೆ ಕೂತೆ. ಅತ್ತೆ ಪ್ರತಿ ಸಲ ಹೆಗಲು ಬಾವು ಬರಿಸಿಕೊಂಡು ಬರುವುದನ್ನು ನೋಡಿದ್ದೆ. ಹಿತ್ತಾಳೆ ತಂಬಿಗೆ ಬೇಡವೆಂದು ಸೊಲ್ಲಾಪುರದ ಪೇಟೆಯಿಂದ ಅಲ್ಯೂಮಿನಿಯಂನ ಜರ್ಮನ್ ತಂಬಿಗೆ ತರಿಸಿದೆ. ಎತ್ತಿದರೆ ಕೈಯಲ್ಲಿ ಇದೆಯೋ ಇಲ್ಲವೋ ಅನ್ನಬೇಕು. ಹಿಟ್ಟಿನ ಚೀಲದ ಬದಲು ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ. ಉಳಿದದ್ದು ಕಂಬಳಿ. ಗಂಟಿನಲ್ಲಿ ನಿಜವಾದ ಭಾರ ಅದೇ.

ಮರಿಗಳ ಮೊದಲ ಕತ್ತರಿಯ ಉಣ್ಣೆ ಮೆತ್ತಗಿರುತ್ತದೆ. ಒಂದು ಚಿಟಿಕೆಯನ್ನು ಭಂಡಾರದ ಅರಿಸಿನದ ಜೊತೆ ನಮ್ಮ ಕುರಿಗಾರರ ದೇವರು ಬೀರೋಬಾನ ಮುಂದಿಟ್ಟು, ಉಳಿದದ್ದನ್ನು ಮಗನಿಗೆ ಹಾಲು ಕುಡಿಸುತ್ತಲೇ ನೂತೆ. ಅಕ್ಕಲಕೋಟೆಯ ನೇಕಾರ ನೇಯ್ದುಕೊಟ್ಟ. ನೇಯ್ದ ಕಂಬಳಿಗೆ ಹುಣಸೆಬೀಜದ ಗಂಜಿ ಬಳಿಯುವುದು ನಮ್ಮಲ್ಲಿ ರೂಢಿ. ಗಂಜಿ ಕುಡಿದ ಕಂಬಳಿ ತಗಡಿನಂತೆ ಸೆಟೆದು ಮಳೆನೀರನ್ನು ಜಾರಿಸುತ್ತದೆ, ಆದರೆ ಹೊತ್ತವರ ಹೆಗಲು ಮುರಿಯುತ್ತದೆ. ಕಾರ್ತಿಕದಲ್ಲಿ ಎಲ್ಲಿಯ ಮಳೆ? ನಾನು ಗಂಜಿ ಬಳಿಯಲು ಬಿಡಲಿಲ್ಲ. ಮಡಚಿದರೆ ಕಂಕುಳಲ್ಲಿ ಅಡಗುವಂಥ ಕಂಬಳಿಯನ್ನು ನಮ್ಮ ಓಣಿಯಲ್ಲಿ ಯಾರೂ ಕಂಡಿರಲಿಲ್ಲ.

ಕಾರ್ತಿಕದ ಹೊತ್ತಿಗೆ ಮಗ ಮೊಲೆ ಬಿಟ್ಟಿದ್ದ. ಹೊರಡುವ ವಾರ ಅತ್ತೆ ಅದನ್ನು ಹೆಗಲಿಗೆ ಹಾಕಿದಳು, ತೆಗೆದಳು, ಮತ್ತೆ ಹಾಕಿ ನೋಡಿದಳು. ಆಮೇಲೆ ಈ ಸಲ ಸಣ್ಣ ಸೊಸೆಯನ್ನು ಕರೆದೊಯ್ಯುತ್ತೇನೆ ಅಂದಳು. ನೆಗೆಣ್ಣಿಗೆ ಮದುವೆಯಾಗಿ ಬಹಳ ಕಾಲವಾದರೂ ಮಕ್ಕಳಿರಲಿಲ್ಲ. ವಿಠ್ಠಲನಿಗೆ ಹರಕೆ ಹೊರಬೇಕಂತೆ.

"ಆಕಿ ಮೈ ಸೂಕ್ಷ್ಮ ಐತಿ. ನಿನ್ನ ಕಂಬಳಿ ಆಕಿಗಿ ಕೊಡು. ನೀ ಏನು, ಮುಂದಿನ ಕಾರ್ತಿಕಕ್ಕ ಬರತಿ."

ಕೊಟ್ಟೆ. ಕೊಡದೆ ಏನು ಮಾಡಲಿ? ಮಕ್ಕಳಿಲ್ಲದವಳ ಮೇಲೆ ಉರಿದುಬೀಳುವಂತೆಯೂ ಇರಲಿಲ್ಲ. ಬಿದ್ದಿದ್ದರೆ ಓಣಿಯ ಹೆಂಗಸರು ಛೀ ಅನ್ನುತ್ತಿದ್ದರು. ಗಂಟನ್ನೂ ನಾನೇ ಕಟ್ಟಿದೆ. ದಿಂಡಿ ಊರು ದಾಟುವವರೆಗೆ ನಿಂತು ನೋಡಿದೆ. ನನ್ನ ಕಂಬಳಿಯನ್ನು ಹೆಗಲಿಗೆ ಒಗೆದುಕೊಂಡು, ತಾಳಕ್ಕೆ ಹೆಜ್ಜೆ ಹಾಕುತ್ತ, ಒಮ್ಮೆಯೂ ಹಿಂದೆ ನೋಡದೆ ಹೋದಳು ಪುಣ್ಯಾತ್ಗಿತ್ತಿ. ಇಷ್ಟು ಹಗುರಾಗಿ ನಡೆಯುವವಳಿಗೆ ಅದೇನು ದುಃಖವೋ ಅಂದುಕೊಂಡೆ.

ಬಂದ ಮೇಲೆ ಅವಳ ಬಾಯಲ್ಲಿ ಬರೀ ನದಿ, ಮರಳು, ಬದುವಿನ ಮೇಲೆ ಕೂತು ಉಂಡ ಊಟ. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ವಿಠ್ಠಲ ಅವಳ ಮಾತು ಕೇಳಿದ. ಮರುವರ್ಷ ಕಾರ್ತಿಕಕ್ಕೆ ಅವಳು ಬಾಣಂತಿ. ಎಣ್ಣೆ ಹಚ್ಚಿ ನೀರು ಎರೆಯುವವರು ಯಾರು? ನಾನೇ. ಅತ್ತೆಯ ಮಾತು ಇನ್ನೊಂದು ವರ್ಷ ಮುಂದೆ ಹೋಯಿತು. ಕೂಸು ಅಂಬೆಗಾಲಿಡುವಾಗ ಆಷಾಢ ಬಂತು. ಆಷಾಢದ ಏಕಾದಶಿಗೆ ಕೂಸನ್ನು ದೇವರ ಪಾದಕ್ಕೆ ಹಾಕುವುದಾಗಿ ಅತ್ತೆ ಬೇಡಿಕೊಂಡಿದ್ದಳಂತೆ. ಕೂಸು ಹೋಗಬೇಕು ಅಂದರೆ ಹಾಲು ಕುಡಿಸುವವಳೂ ಹೋಗಬೇಕು. ಮತ್ತೆ ಅವಳೇ!

ನೋಡಿದರೆ ಅವಳು ಗಂಟಿನ ಮೇಲೆ ಅದೇ ಕಂಬಳಿ ಮಡಚಿ ಇಟ್ಟಿದ್ದಳು. ಬೇರೆ ಕಂಬಳಿ ಕೂಸಿಗೆ ಚುಚ್ಚುತ್ತದಂತೆ. ಆಷಾಢ ಅಂದರೆ ಮಳೆ. ಗಂಜಿಯಿಲ್ಲದ ಕಂಬಳಿ ಒಂದೇ ಜಡಿಮಳೆಗೆ ನೀರು ಕುಡಿದು ಕೂಸಿನ ಎದೆಗೆ ಇಳಿಸುತ್ತದೆ. ಅವಳ ಕೈಯಿಂದ ಕಸಿದುಕೊಂಡು ಅಂಗಳಕ್ಕೆ ಹೋದೆ. ಹುಣಸೆಬೀಜ ಅರೆದು, ಕುದಿಸಿ, ಎರಡೂ ಬದಿಗೆ ಗಂಜಿ ಬಳಿದೆ. ಎಳೆ ಎಳೆಯಾಗಿ ನಾನು ಇಳಿಸಿದ ಭಾರವನ್ನು ನಾನೇ ಕೈಯಾರೆ ಹಚ್ಚುತ್ತಿದ್ದೆ. ಬಳಿಯುತ್ತ ಅವಳಿಗೆ ಬಾಯಿಗೆ ಬಂದಂತೆ ಬೈದೆ. ಒಣಗಿದ ಮೇಲೆ ಅದು ಕದದ ಹಲಗೆಯಂತೆ ಗೋಡೆಗೆ ಆತು ನಿಂತಿತು.

ನೆಗೆಣ್ಣಿ ಎತ್ತಿ ನೋಡಿದಳು. "ಅಕ್ಕಾ, ಭಾಳ ಭಾರ ಆತಲ್ಲ. ಹಗುರ ಇದ್ದಾಗ ಹೊತ್ತಿದ್ದು ಗೊತ್ತ ಆಗತಿದ್ದಿಲ್ಲ ನೋಡು."

ನನಗೆ ಹೇಗೆ ಗೊತ್ತಿರಬೇಕು? ಹಗುರ ಇದ್ದಾಗ ಒಂದು ಹರದಾರಿ ದೂರವೂ ನಾನು ಅದನ್ನು ಹೊತ್ತಿರಲಿಲ್ಲ. ಕೂಸನ್ನು ಎತ್ತಿ ಅವಳ ಕಂಕುಳಿಗೆ ಕೊಟ್ಟೆ. ಕಂಬಳಿಯನ್ನು ಇಬ್ಬರ ತಲೆಯ ಮೇಲೂ ಬರುವಂತೆ ಹೊದಿಸಿದೆ.

"ಹೊರು," ಅಂದೆ.