ಅಳಿಸಿದ ಧೈವತ

ದೆವ್ವ, ಶಕುನ, ಮೈಮೇಲೆ ಬರುವುದು ಅಂದರೆ ನಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ನಗುವುದನ್ನು ಬಿಟ್ಟಿದ್ದೇನೆ. ಅದಕ್ಕೆ ಕಾರಣವಾದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಓದಿದವರಿಗೆ ಏನಾದರೂ ಹೊಳೆದರೆ ಒಳ್ಳೆಯದು, ನನಗಂತೂ ಇಷ್ಟು ವರ್ಷವಾದರೂ ಹೊಳೆದಿಲ್ಲ.

ತೊಂಬತ್ತರ ದಶಕದ ಕೊನೆ. ಗೋಕಾಕದಲ್ಲಿ ಮಕ್ಕಳಿಗೆ ಹಾರ್ಮೋನಿಯಂ ಕಲಿಸುತ್ತಿದ್ದೆ. ಗೆಳೆಯ ಜಿನ್ನಪ್ಪ ಅಲ್ಲೇ ಬೆಳಗಿನ ಧ್ಯಾನದ ಕ್ಲಾಸು ನಡೆಸುತ್ತಿದ್ದ. "ಮಾಸ್ತರ, ಅರ್ಧ ತಾಸಿನ ಒಂದು ಕ್ಯಾಸೆಟ್ ಮಾಡಿಕೊಡ್ರಿ. ಮಾತು ಬ್ಯಾಡ, ಹಾಡು ಬ್ಯಾಡ. ಕೇಳಿದವರ ಮನಸ್ಸು ತಣ್ಣಗ ಆಗಬೇಕು, ಅಷ್ಟ" ಎಂದ. ಸಂಗೀತದಿಂದ ಮನಸ್ಸು ಗುಣವಾಗುತ್ತದೆ ಎನ್ನುವುದೂ ನನಗೆ ನಗುವ ಮಾತೇ ಆಗಿತ್ತು. ಆದರೂ ಒಪ್ಪಿಕೊಂಡೆ.

ನೀರಿನ ಸದ್ದು ಇರಲಿ ಎಂದು ಟೇಪ್ ರೆಕಾರ್ಡರ್ ಹೊತ್ತು ಗೋಕಾಕ ಫಾಲ್ಸಿಗೆ ಹೋದೆ. ಮನೆಗೆ ಬಂದು ಕೇಳಿದರೆ ಭಜಿ ಕರಿಯುವ ಸದ್ದು! ಕೊನೆಗೆ ಬಚ್ಚಲಲ್ಲಿ ತಾಮ್ರದ ಕೊಡದೊಳಗೆ ನಳದ ಹನಿ ಬೀಳಿಸಿ ಅದನ್ನೇ ಹಿಡಿದೆ. ಅದರ ಜೊತೆಗೆ ತಂಬೂರಿ, ಮೇಲೆ ಹಳೆಯ ಕೀಬೋರ್ಡಿನಲ್ಲಿ ಭೀಮಪಲಾಸ ರಾಗದ ನಿಧಾನದ ಸ್ವರಗಳು.

ರೆಕಾರ್ಡ್ ಮಾಡಿದ ಮಧ್ಯಾಹ್ನ ಹೆಂಡತಿ ತವರಿಗೆ ಹೋಗಿದ್ದಳು. ಬಾಗಿಲ ಚಿಲಕ ಹಾಕಿ ಒಬ್ಬನೇ ಕೂತಿದ್ದೆ. ಬಾರಿಸುತ್ತಿದ್ದಂತೆ ಅಕ್ಕ ನೆನಪಾದಳು. ಹಿಂದಿನ ವರ್ಷ ಹುಕ್ಕೇರಿಯಲ್ಲಿ ಹಾಸಿಗೆ ಹಿಡಿದಾಗ ಅವಳು ಎರಡು ಸಲ ಬಾ ಎಂದು ಹೇಳಿ ಕಳಿಸಿದ್ದಳು. ಯಾವುದೋ ಹಳೆಯ ಮಾತಿನ ಸಿಟ್ಟು ಹಿಡಿದು ನಾನು ಹೋಗಲಿಲ್ಲ. ಹೋದದ್ದು ಅವಳ ಮಣ್ಣಿಗೆ. ಅದೆಲ್ಲ ಒಮ್ಮೆಲೇ ಎದೆಗೆ ಬಂತು. ಬೆರಳು ತನ್ನಷ್ಟಕ್ಕೆ ಕೋಮಲ ಧೈವತದ ಮೇಲೆ ಹೋಗಿ ನಿಂತಿತು. ಅದು ಆ ರಾಗಕ್ಕೆ ಸೇರುವ ಸ್ವರವೇ ಅಲ್ಲ. ಅಲ್ಲಿಂದ ಒಂದೊಂದಾಗಿ ಇಳಿದು ಷಡ್ಜಕ್ಕೆ ಬರುವಷ್ಟರಲ್ಲಿ ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ.

ಧ್ಯಾನದ ಕ್ಯಾಸೆಟ್ಟಿನಲ್ಲಿ ಅಳು ಯಾಕೆ ಎಂದುಕೊಂಡು ಆ ತುದಿಯನ್ನು ಅಳಿಸಿ, ಅದರ ಮೇಲೆ ಬರೀ ತಂಬೂರಿ ತುಂಬಿದೆ. ಹೆಂಡತಿಗೂ ಹೇಳಲಿಲ್ಲ.

"ಮೊದಲ ನಮ್ಮವ್ವಗ ಕೇಳಸೂಣು" ಎಂದು ಜಿನ್ನಪ್ಪ ಮುಂದಿನ ರವಿವಾರ ನನ್ನನ್ನು ಗಾಡಿಯ ಮೇಲೆ ತುಕ್ಕಾನಟ್ಟಿಗೆ ಕರೆದುಕೊಂಡು ಹೋದ. ಅವನ ತಾಯಿ ಪದ್ಮವ್ವ ಲಕ್ವ ಹೊಡೆದು ಎರಡು ವರ್ಷದಿಂದ ಮಂಚದ ಮೇಲೇ ಇದ್ದರು. ಮಾತು ಹೆಚ್ಚುಕಡಿಮೆ ನಿಂತಿತ್ತು, ನಿದ್ದೆಯೂ ಇರಲಿಲ್ಲ. ನಾನು ಅವರನ್ನು ನೋಡಿದ್ದು ಅದೇ ಮೊದಲು.

ಕ್ಯಾಸೆಟ್ ಹಚ್ಚಿದೆವು. ಅವರು ಕಣ್ಣು ಮುಚ್ಚಿ ಕೇಳಿದರು. ತುದಿಗೆ ಬರೀ ತಂಬೂರಿ ಉಳಿದಾಗ ಮಂಚದಿಂದ ಒಂದು ಸಣ್ಣ ದನಿ ಬಂತು. ಅದೇ ಧೈವತ. ಅಲ್ಲಿಂದ ಒಂದೊಂದಾಗಿ ಇಳಿಯುತ್ತ, ನಾನು ಎಲ್ಲಿ ತಡೆದಿದ್ದೆನೋ ಅಲ್ಲೇ ತಡೆದು, ಷಡ್ಜಕ್ಕೆ ಬಂದು ನಿಂತರು.

"ಎಷ್ಟ ದಿನಕ್ಕ ನಮ್ಮವ್ವ ದನಿ ತಗದ್ಲು ನೋಡ್ರಿ!" ಎಂದು ಜಿನ್ನಪ್ಪ ಹಿಗ್ಗಿದ. ನಾನು ಮಂಚದ ಹತ್ತಿರ ಸರಿದೆ.

"ಅವ್ವಾರ, ಇದನ್ನ ಎಲ್ಲಿ ಕೇಳೀರಿ?" ಎಂದೆ.

"ನೀ ಬಾರಸುಮುಂದ ಬಾಜೂಕ ಕುಂತಿದ್ನೆಲ್ಲೋ ತಮ್ಮಾ" ಎಂದರು, ತಡೆದು ತಡೆದು. "ಅಳಾಕತ್ತಿದ್ದಿ. ಒಮ್ಮೆರ ಹೊಳ್ಳಿ ನೋಡಲಿಲ್ಲ."

ನಮ್ಮ ಕಡೆ ಕಿರಿಯರನ್ನೆಲ್ಲ ತಮ್ಮಾ ಎಂದೇ ಕರೆಯುತ್ತಾರೆ. ಅದರಲ್ಲಿ ವಿಶೇಷವೇನಿಲ್ಲ ಎಂದು ನೂರು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆ ಹೊತ್ತಿಗೆ ಅಲ್ಲಿ ಕೂತಿರಲಾಗಲಿಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ಕೂತುಬಿಟ್ಟೆ.

ಜಿನ್ನಪ್ಪನಿಗೆ ಎಲ್ಲವನ್ನೂ ಹೇಳಿದೆ. "ನಿಮ್ಮ ಮಾರಿ ನೋಡಿ ಅಂದಿರಬೇಕು ಬಿಡ್ರಿ. ದುಃಖ ಎಲ್ಲಿ ಮುಚ್ಚಿಡಾಕ ಬರ್ತೈತಿ?" ಎಂದ. ಇರಬಹುದು. ಆದರೆ ಮುಖ ನೋಡಿ ಅಳು ಗೊತ್ತಾದೀತು, ರಾಗದ ಹೊರಗಿನ ಸ್ವರ ಹೇಗೆ ಗೊತ್ತಾಗಬೇಕು? ಪದ್ಮವ್ವ ಸಂಗೀತ ಕಲಿತವರಲ್ಲ. ಅಳಿಸಿದ್ದು ಟೇಪಿನಲ್ಲಿ ಎಲ್ಲೋ ಸಣ್ಣಗೆ ಉಳಿದಿದೆಯೇ ಎಂದು ದನಿ ಪೂರ್ತಿ ಏರಿಸಿ ಎಷ್ಟೋ ಸಲ ಕೇಳಿದೆ. ತಂಬೂರಿ ಬಿಟ್ಟರೆ ಏನೂ ಇರಲಿಲ್ಲ.

ಎಂಟು ದಿನ ಕೀಬೋರ್ಡ್ ಮುಟ್ಟಲಿಲ್ಲ. ಆಮೇಲೆ ಆ ತುದಿಯನ್ನು ಸೇರಿಸಿ ಮತ್ತೊಮ್ಮೆ ರೆಕಾರ್ಡ್ ಮಾಡಿ ಕೊಟ್ಟುಬಂದೆ. ಅದನ್ನು ಹಚ್ಚಿದರೆ ಅತ್ತೆಗೆ ನಿದ್ದೆ ಹತ್ತುತ್ತದೆ ಎಂದು ಜಿನ್ನಪ್ಪನ ಹೆಂಡತಿ ಹೇಳಿ ಕಳಿಸಿದಳು. ತಿಂಗಳ ನಂತರ ಧೈರ್ಯ ಮಾಡಿ ಮತ್ತೆ ಹೋಗಿ, ಅವತ್ತು ಹಾಗೆ ಯಾಕೆ ಅಂದಿರಿ ಎಂದು ಕೇಳಿದೆ. ಪದ್ಮವ್ವ ನನ್ನನ್ನು ಹೊಸಬನಂತೆ ನೋಡಿ, "ಯಾರ್ರಿ ನೀವು? ಚಾ ಕುಡದು ಹೋಗ್ರಿ" ಎಂದರು. ಮಳೆಗಾಲ ಮುಗಿಯುವ ಮುಂಚೆ ನಿದ್ದೆಯಲ್ಲೇ ತೀರಿಕೊಂಡರು.

ಅದಾದ ಮೇಲೆ ಹುಕ್ಕೇರಿಗೆ ಹೋಗಿ ಅಕ್ಕನ ಗಂಡನ ಮುಂದೆ ಕೂತು, ಅಕ್ಕ ಕರೆದಾಗ ಬರದೇ ಇದ್ದುದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮಾವ ನಂಬಿದರೋ ಇಲ್ಲವೋ. "ಕಡೀ ಎರಡ ದಿನ ಆಕಿ ನಿನ್ನ ಹೆಸರ ತಗೀಲಿಲ್ಲ. ಸಿಟ್ಟೋ, ಸಮಾಧಾನೋ, ನನಗೂ ತಿಳೀಲಿಲ್ಲ" ಎಂದರು. ಆಮೇಲೆ ನಾನು ಒಯ್ದಿದ್ದ, ಧೈವತ ಸೇರಿಸಿದ ಕ್ಯಾಸೆಟ್ ಹಚ್ಚಿಸಿಕೊಂಡು ತುದಿಯ ತನಕ ಕೇಳಿದರು. ಅದು ಮುಗಿದ ಮೇಲೂ ಬಹಳ ಹೊತ್ತು ಬಾಗಿಲ ಕಡೆ ನೋಡುತ್ತ ಕೂತಿದ್ದರು.

"ಇದನ್ನ ಇಲ್ಲೇ ಬಿಟ್ಟ ಹೋಗು" ಎಂದರು.

ಬಿಟ್ಟು ಬಂದೆ. ಅದರಲ್ಲಿ ಅವರಿಗೆ ಏನು ಕೇಳಿಸಿತೆಂದು ಅವರು ಹೇಳಲಿಲ್ಲ. ಕೇಳುವ ಧೈರ್ಯ ನನಗಾಗಲಿಲ್ಲ.