ಪುಡಿಯಣ್ಣನ ಕೈಗುಣ

ಕೋಳಿ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ಕರೆಯುವುದು ಪುಡಿಯಣ್ಣ ಎಂದೇ. ಮರಿಗಳು ಬಂದಿಳಿದಾಗಿನಿಂದ ಲಾರಿ ಹತ್ತುವವರೆಗೆ ಅವುಗಳ ಕುಡಿಯುವ ನೀರಿಗೆ ಔಷಧದ ಪುಡಿ ಕಲಸುವವನು ಅವನೇ. ರೋಗ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಪುಡಿ ಬೀಳಲೇಬೇಕೆಂಬುದು ಮಾಲೀಕನ ಅಪ್ಪಣೆ. ಕಲಸಿದ್ದು ಸಾಕೋ ಇಲ್ಲವೋ ಎಂದು ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡುವನು. ಕಹಿ ಗಂಟಲಿಗಿಳಿದರೆ ಅದೇ ಹದ.

ಆ ಪುಡಿಯ ಮೇಲೆ ಅವನಿಗೆ ಇನ್ನಿಲ್ಲದ ನಂಬಿಕೆ. ಶೆಡ್ಡಿನಲ್ಲಿ ಯಾರ ಕೈ ಕೊಯ್ದರೂ ಚಿಟಿಕೆ ಪುಡಿ ಉದುರಿಸುತ್ತಿದ್ದ. ವಾಸಿಯಾದವರು ಅವನ ಕೈಗುಣ ಹೊಗಳಿದರು. ವಾಸಿಯಾಗದವರು ಹೊಗಳಲು ಅಲ್ಲಿ ಉಳಿದಿರಲಿಲ್ಲ.

ಅವನ ಹೆಂಡತಿ ಶೆಡ್ಡಿನ ಕಡೆ ತಲೆ ಹಾಕಿದವಳಲ್ಲ. ಅವನು ಮನೆಗೆ ಬಂದರೆ ಮೂಗು ಮುಚ್ಚಿಕೊಂಡು, ಬಂತಪ್ಪ ನಮ್ಮ ಹುಂಜ ಎಂದು ಅಣಕಿಸುವಳು. ಅವನ ಬಟ್ಟೆ ಒಗೆಯುವವಳು ಮಾತ್ರ ಅವಳೇ. ಒಮ್ಮೆ ಹಾಗೆ ಒಗೆಯುವಾಗ ಕಲ್ಲಿನ ಅಂಚಿಗೆ ಕಾಲು ತರಚಿತು. ಗಾಯ ಕೀವಾಯಿತು. ಅವನು ಪುಡಿ ಉದುರಿಸಿದ. ಬಾವು ಮೊಣಕಾಲಿಗೇರಿತು. ಇನ್ನಷ್ಟು ಉದುರಿಸಿದ. ಜ್ವರದಲ್ಲಿ ಅವಳ ಮಾತು ತೊದಲತೊಡಗಿದಾಗ ಅವಳ ತಮ್ಮ ಬಂದು, ಭಾವನಿಗೆ ಬಾಯಿಗೆ ಬಂದಂತೆ ಬೈದು, ಅವಳನ್ನು ಆಸ್ಪತ್ರೆಗೆ ಹೊತ್ತೊಯ್ದ.

ಪುಡಿಯಣ್ಣನ ಕೆಲಸ ಏನೆಂದು ಕೇಳಿ ತಿಳಿದ ವೈದ್ಯೆ, ಹೆಂಡತಿಯ ಕೀವನ್ನೂ ಅವನ ಮೂಗಿನ ದ್ರವವನ್ನೂ ಪರೀಕ್ಷೆಗೆ ಕಳಿಸಿದಳು. ಎರಡರಲ್ಲೂ ಒಂದೇ ಕ್ರಿಮಿ. ಮಾಮೂಲಿ ಔಷಧಕ್ಕೆ ಅದು ಬಗ್ಗುವುದಿಲ್ಲ, ಕಟ್ಟಕಡೆಯದನ್ನು ಡ್ರಿಪ್ಪಿನಲ್ಲಿ ಹಾಕುತ್ತಿದ್ದೇವೆ, ಅದಕ್ಕೂ ಬಗ್ಗದಿದ್ದರೆ ಕಾಲು ತೆಗೆಯಬೇಕಾದೀತು ಎಂದಳು.

"ಅವಳು ಜನ್ಮದಲ್ಲಿ ಒಂದು ಮಾತ್ರೆ ನುಂಗಿದವಳಲ್ಲ ಮೇಡಂ. ಔಷಧ ಮೈಗೆ ಒಗ್ಗಿಹೋಗೋದು ಹೇಗೆ?"

"ಒಗ್ಗಿರೋದು ಅವರ ಮೈಗಲ್ಲ, ಕ್ರಿಮಿಗೆ. ದಿನಾ ಚೂರು ಚೂರು ಕುಡಿಸಿ ನೀವೇ ಪಳಗಿಸಿದ್ದೀರಿ."

"ನಾನು ಕುಡಿಸಿದ್ದು ಕೋಳಿಗೆ."

"ಕೋಳಿ ಹೊಟ್ಟೇಲಿ ಕ್ರಿಮೀನೂ ಇತ್ತಲ್ಲಪ್ಪ. ಅದು ನಿಮ್ಮ ಮೂಗಲ್ಲಿ ಕೂತು, ಬಟ್ಟೆ ಹಿಡ್ಕೊಂಡು ಮನೆಗೆ ಬಂತು."

ಅವನಿಗೆ ತಲೆಬುಡ ತಿಳಿಯಲಿಲ್ಲ. ಕೋಳಿಗಳು ಚೆನ್ನಾಗಿವೆ. ತಾನು ಗುಂಡುಕಲ್ಲಿನ ಹಾಗಿದ್ದೇನೆ. ಶೆಡ್ಡು ಕಾಣದವಳು ಮಲಗಿದ್ದಾಳೆ. ಮಾಲೀಕನನ್ನು ಕೇಳಿದರೆ ಪುಡಿ ಅಂಗಡಿಯವನತ್ತ ಕೈ ತೋರಿದ. ಅಂಗಡಿಯವನು, ನಾನು ಕೊಟ್ಟಿದ್ದು ಕಾಯಿಲೆ ಕೋಳಿಗೆ ಎಂದ. ಒಂದು ಕಾಲಕ್ಕೆ ಕಾರ್ಖಾನೆಗಳ ಮುಂದೆ ಚಳವಳಿಗೆ ಇಳಿದಿದ್ದ ನಮ್ಮಂಥವರಿಗೆ ಧಿಕ್ಕಾರ ಕೂಗಲು ಎದುರಿಗೊಂದು ಗೇಟಾದರೂ ಇರುತ್ತಿತ್ತು. ಇವನು ಯಾರ ಮುಂದೆ ನಿಂತು ಕೂಗಬೇಕು? ಕಲಸಿದ ಕೈ ತನ್ನದೇ.

ಕೊನೆಗೂ ಬಾವು ಇಳಿಯತೊಡಗಿತು. ಕಾಲು ಉಳಿಯಬಹುದು ಎಂದರು. ಅವನು ವಾರ್ಡಿನ ಬಾಗಿಲಲ್ಲೇ ನಿಂತಿದ್ದ. ಹೆಂಡತಿ ಕಣ್ಣು ಬಿಟ್ಟು ನೋಡಿದಳು.

"ಬಾ ಒಳಗೆ. ಮೂಗು ಮಾತ್ರ ಆ ಕಡೆ ಇಟ್ಕೋ."

ಅವನು ಗೋಡೆಗೆ ಮುಖ ಮಾಡಿ ಮಂಚದ ಪಕ್ಕ ಕುಳಿತ. ಅವಳನ್ನು ಮುಟ್ಟಬಹುದೇ ಎಂದು ನರ್ಸನ್ನು ಕೇಳಿದ. ಕೈ ತೊಳೆದು ಮುಟ್ಟಿ ಎಂದಳು. ಎದ್ದು ಹೋಗಿ ತೊಳೆದು ಬಂದ. ಮಂಚದವರೆಗೆ ಬಂದವನು ಅಲ್ಲೇ ನಿಂತ. ಮತ್ತೆ ತೊಳೆಯಲು ಹೋದ.