ನೂರಿಪ್ಪತ್ತು ಮನೆಯ ಗಿಳಿ

ಹಿಂದೂಪುರದಲ್ಲಿ ರೇಷ್ಮೆ ಸೀರೆಗೆ ಗ್ರಾಫ್ ಬರೆಯುವ ಕೆಲಸಕ್ಕೆ ಕೂತು ನನಗೆ ಮೂವತ್ತೊಂದು ವರ್ಷವಾಯಿತು. ಮೊದಲ ಹದಿನೈದು ವರ್ಷ ಚೌಕಳಿ ಹಾಳೆ, ಕೆಂಪು ಶಾಯಿ, ಆಮೇಲೆ ಕಂಪ್ಯೂಟರ್. ಎರಡು ವರ್ಷದ ಹಿಂದೆ ಎಐ ಚಿತ್ರ ಬರೆಯುವ ಒಂದು ಟೂಲ್ ಕೊಂಡೆ. ನಾವು ಟೈಪ್ ಮಾಡಿದ್ದನ್ನು, ಕೊಟ್ಟ ಫೋಟೋವನ್ನು ನೋಡಿ ಅದು ಚಿತ್ರ ಬರೆದುಕೊಡುತ್ತದೆ. ಈಗ ಹೇಳುತ್ತಿರುವುದು ಆ ಹೊಸತರಲ್ಲಿ, ನನ್ನ ತಲೆ ಸ್ವಲ್ಪ ತಿರುಗಿದ್ದಾಗ ನಡೆದ ಸಂಗತಿ.

ಗ್ರಾಫ್ ಅಂದರೇನು ಎಂದು ಹೇಳದೆ ಮುಂದೆ ಹೋದರೆ ಓದುವವರಿಗೆ ಕಷ್ಟ. ಮಗ್ಗದ ಮೇಲೆ ಜಕಾರ್ಡ್ ಎಂಬ ಸಾಧನ ಕೂತಿರುತ್ತದೆ. ಅದರ ಒಂದೊಂದು ಹುಕ್ಕೂ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ನೂಲಿನ, ಕೆಲವು ಎಳೆಗಳನ್ನು ಎತ್ತುತ್ತದೆ. ಯಾವ ಹುಕ್ ಏಳಬೇಕು, ಯಾವುದು ಸುಮ್ಮನಿರಬೇಕು ಎಂದು ಹೇಳುವುದು ತೂತು ಹೊಡೆದ ರಟ್ಟುಗಳು. ಆ ತೂತು ಎಲ್ಲಿ ಬೀಳಬೇಕೆಂದು ಹೇಳುವುದು ನನ್ನ ಗ್ರಾಫ್. ಅಂಚಿಗೆ ನೂರಿಪ್ಪತ್ತು ಹುಕ್ ಇದ್ದರೆ ನನ್ನ ಹಾಳೆಯಲ್ಲಿ ಒಂದು ಸಾಲಿಗೆ ನೂರಿಪ್ಪತ್ತು ಮನೆ. ನೂರಿಪ್ಪತ್ತೊಂದನೆಯದು ಬೇಕೆಂದರೆ ಬ್ರಹ್ಮ ಬಂದರೂ ಸಿಗುವುದಿಲ್ಲ.

ಒಂದು ದಿನ ಕಲ್ಯಾಣದುರ್ಗದಿಂದ ತಿಪ್ಪೇಸ್ವಾಮಿ ಎಂಬವರು ಬಂದರು. ಅವರದು ಗೊಬ್ಬರದ ಅಂಗಡಿ. ನೇಯುವವರು ಅವರ ತಾಯಿ ಲಕ್ಷ್ಮೀದೇವಮ್ಮ. ನ್ಯೂಸ್‌ಪೇಪರಿನಲ್ಲಿ ಸುತ್ತಿದ್ದ ಒಂದು ಗೇಣು ಅಂಚಿನ ತುಂಡನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಸಾಲು ಗಿಳಿಗಳ ಅಂಚು, ಅರ್ಧ ಸವೆದುಹೋಗಿತ್ತು. ಹೊಸ ಡಿಸೈನ್ ನೇಯ್ದಾಗ ಮೊದಲು ಕತ್ತರಿಸಿದ ಗೇಣುದ್ದ ಬಟ್ಟೆಯನ್ನು ಮಗ್ಗದ ಕಂಬಕ್ಕೆ ಕಟ್ಟುವುದು ಆ ಮನೆಯ ರೂಢಿಯಂತೆ. ಇದು ಲಕ್ಷ್ಮೀದೇವಮ್ಮನ ಅತ್ತೆ ನೇಯ್ದದ್ದು. ಸೀರೆಗಳೆಲ್ಲ ಯಾರ ಯಾರ ಮನೆ ಸೇರಿದವೋ, ಉಳಿದದ್ದು ಕಂಬದ ತುಂಡೊಂದೇ.

"ಏಳು ವಾರಕ್ಕೆ ನನ್ ಮಗಳು ಸುಮಂದು ಮದ್ವೆ ಅಕ್ಕಾ. ಅದಕ್ಕೆ ಈ ಅಂಚೇ ಬೇಕಂತೆ ಅಮ್ಮಂಗೆ" ಎಂದರು. ಆಮೇಲೆ ದನಿ ತಗ್ಗಿಸಿದರು. "ಕಣ್ಣಿನ ನರ ಒಣಗ್ತಾ ಐತೆ ಅಂದವ್ರೆ ಡಾಕ್ಟ್ರು. ಈಗ ಬೆಳಕಿದ್ರೆ ಕಾಣ್ತದೆ. ಮುಂದಿನ ವರ್ಸ ಹೆಂಗೋ ಏನೋ. ಇದೇ ಕೊನೇ ಸೀರೆ ಅಂತ ಕೂತವ್ಳೆ."

ಈ ಮಾತು ಕೇಳಿದ ಮೇಲೆ ನಾನು ಸುಮ್ಮನಿರುವವಳಲ್ಲ. ತುಂಡನ್ನು ಟ್ಯೂಬ್‌ಲೈಟ್ ಕೆಳಗೆ ಹರಡಿ ಫೋಟೋ ತೆಗೆದು ಟೂಲಿಗೆ ಕೊಟ್ಟೆ. ಅದರಲ್ಲಿ ಕ್ವಾಲಿಟಿಗೆ ಲೋ, ಮೀಡಿಯಂ, ಹೈ ಎಂದು ಮೂರು ಬಟನ್. ಚಿತ್ರ ಎಷ್ಟು ಸೂಕ್ಷ್ಮವಾಗಿರಬೇಕು ಎನ್ನುವುದಕ್ಕೆ ಡೀಟೇಲ್ ಎಂಬ, ಎಡಕ್ಕೂ ಬಲಕ್ಕೂ ಎಳೆಯುವ ಗೆರೆ. ಇಲ್ಲದ್ದನ್ನು ತಾನೇ ಊಹಿಸಿ ತುಂಬಲು ಎಷ್ಟು ಸ್ವಾತಂತ್ರ್ಯ ಎನ್ನುವುದಕ್ಕೆ ಕ್ರಿಯೇಟಿವಿಟಿ ಎಂಬ ಇನ್ನೊಂದು ಗೆರೆ. ಕ್ವಾಲಿಟಿ ಹೈ ಒತ್ತಿ, ಎರಡು ಗೆರೆಗಳನ್ನೂ ಬಲತುದಿಗೆ ಎಳೆದೆ. ಇಂಥ ಕೆಲಸಕ್ಕೆ ಕಡಿಮೆ ಕ್ವಾಲಿಟಿ ಕೊಟ್ಟರೆ ಪಾಪ ತಟ್ಟುತ್ತದೆ ಅನ್ನಿಸಿತ್ತು.

ಬಂದ ಚಿತ್ರ ನೋಡಿ ಮೈಮರೆತೆ. ಒಂದೊಂದು ಗರಿಯೂ ಬಿಡಿಬಿಡಿ, ಗಿಳಿಯ ಕಣ್ಣಿನಲ್ಲಿ ಮಿಂಚು, ಎಲೆಗೆ ನರ. ಅಗಲ ನಾಲ್ಕು ಸಾವಿರದ ತೊಂಬತ್ತಾರು ಪಿಕ್ಸೆಲ್. ಅದನ್ನು ಗ್ರಾಫ್ ಸಾಫ್ಟ್‌ವೇರಿಗೆ ಹಾಕಿದಾಗ ಅದು ಅವರ ಮಗ್ಗದ ಅಂಚಿನ ನೂರಿಪ್ಪತ್ತು ಮನೆಗೆ ಕುಗ್ಗಿಸಿತು. ಅಂದರೆ ಅಗಲದಲ್ಲಿ ಸುಮಾರು ಮೂವತ್ತನಾಲ್ಕು ಚುಕ್ಕೆ ಸೇರಿ ಒಂದು ಮನೆ. ಒಂದೊಂದು ಮನೆಯನ್ನೂ ಕೂತು ನೋಡಬೇಕಿತ್ತು, ನೋಡಲಿಲ್ಲ. ರಟ್ಟು ಹೊಡೆಸಿ, ಹಳೇ ತುಂಡಿನ ಜೊತೆ ಬಸ್ ಪಾರ್ಸಲ್‌ನಲ್ಲಿ ಕಳಿಸಿಬಿಟ್ಟೆ.

ನಾಲ್ಕನೇ ದಿನ ಲಕ್ಷ್ಮೀದೇವಮ್ಮನೇ ಫೋನ್ ಮಾಡಿದರು.

"ನಾಕ್ ಬೆರಳು ನೇಯ್ದೆ ಕಣಮ್ಮ ಸರೋಜಾ. ಇದ್ರಾಗೆ ನಮ್ಮತ್ತೆ ಗಿಳಿ ಇಲ್ಲ."

"ಇದೆ ಅಕ್ಕಾ, ಸರಿಯಾಗಿ ನೋಡಿ" ಅಂದೆ. ಕಣ್ಣು ಕಳೆದುಕೊಳ್ಳುತ್ತಿರುವ ಹೆಂಗಸಿಗೆ ಹೇಳಿದ ಮಾತು ಅದು. ಅಷ್ಟಕ್ಕೇ ಬಿಡದೆ, ನಿಮ್ಮ ಜಕಾರ್ಡೇ ಸವೆದಿರಬೇಕು ಎಂದೂ ಸೇರಿಸಿದೆ. ನನ್ನ ನಾಲಿಗೆಗೆ ಮೊದಲಿನಿಂದಲೂ ಕಡಿವಾಣ ಕಡಿಮೆ.

ಆಕೆ ಸಿಟ್ಟಾಗಲಿಲ್ಲ. "ಇದ್ರೂ ಇರ್ಬೋದು. ಒಂದ್ ದಪ ಬಂದ್ ನೋಡ್ಬುಟ್ಟು ಹೋಗು. ಮಧ್ಯಾನ್ನ ಬಾ, ಆವಾಗ ಮಗ್ಗದ್ ಮ್ಯಾಲೆ ಬೆಳಕು ಬೀಳ್ತದೆ" ಎಂದರು.

ಮಾರನೇ ದಿನ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು ಕಲ್ಯಾಣದುರ್ಗಕ್ಕೆ ಹೊರಟೆ. ದಾರಿಯಲ್ಲಿ ಬಸ್ಸು ರೊದ್ದಂ ಊರು ದಾಟಿದರೂ ಹಳೇ ಜಕಾರ್ಡಿನ ಬಗ್ಗೆ ಆಕೆಗೆ ಹೇಗೆ ತಿಳಿಸಿ ಹೇಳಬೇಕು ಎಂದೇ ಯೋಚಿಸುತ್ತಿದ್ದೆ.

ಅವರ ಮಗ್ಗದ ಮುಂದೆ ಬಗ್ಗಿ ನೋಡಿದೆ. ಹುಕ್ಕುಗಳು ಒಂದೂ ತಪ್ಪದೆ ಏಳುತ್ತಿದ್ದವು. ತಪ್ಪು ನನ್ನ ಗ್ರಾಫಿನದೇ. ಗರಿಗಳೆಲ್ಲ ಚೂರಾಗಿ ಚೆಲ್ಲಿದ್ದವು, ಕಣ್ಣಿದ್ದ ಜಾಗದಲ್ಲಿ ನಾಲ್ಕು ಚುಕ್ಕೆ. ಜರಿಯ ಎಳೆಗಳು ಹಿಡಿತವಿಲ್ಲದೆ ಉದ್ದುದ್ದ ಮಲಗಿದ್ದವು. ಉಟ್ಟ ದಿನವೇ ಬಳೆಗೆ ಸಿಕ್ಕಿ ಕಿತ್ತು ಬರುವಂಥ ನೇಯ್ಗೆ. ಸುಮ ಉಟ್ಟು ಧಾರೆಗೆ ಕೂರಬೇಕಾದ ಸೀರೆ ಅದು. ನನಗೆ ತಲೆ ಎತ್ತುವುದಕ್ಕಾಗಲಿಲ್ಲ.

ಆದರೂ ಸಮಜಾಯಿಷಿ ಹೇಳುವ ಚಾಳಿ ಬಿಡಬೇಕಲ್ಲ. ಚಿತ್ರ ಚೆನ್ನಾಗಿತ್ತು ಅಕ್ಕಾ ಎನ್ನುತ್ತ ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಆಕೆ ಮುಖವನ್ನು ಹತ್ತಿರ ತಂದರು, ಹಿಂದೆ ಸರಿದರು, ಪಕ್ಕಕ್ಕೆ ವಾಲಿಸಿ ನೋಡಿದರು.

"ಏನೋ ಮಿರಮಿರ ಅಂತದೆ. ಗಿಳಿ ಎಲ್ಲೈತೆ?"

ತಪ್ಪು ನನ್ನದೇ ಅಕ್ಕಾ, ನಿಮ್ಮ ಮಗ್ಗದ್ದಲ್ಲ ಎಂದು ಆಗ ಒಪ್ಪಿಕೊಂಡೆ. "ಪೋನೀಲೇ ಅಮ್ಮ, ಹೋಗ್ಲಿ ಬಿಡು. ನಾಕ್ ಬೆರಳು ತಾನೆ ಹೋಗಿದ್ದು" ಎಂದರು. ಆಮೇಲೆ ನಾನು ತೆಗೆದಿದ್ದ ಫೋಟೋ ಯಾವ ಕಡೆಯದು ಎಂದು ಕೇಳಿದರು. ಮೇಲುಮುಖದ್ದು ಎಂದೆ. ಆಕೆಗೆ ನಗು ಬಂತು.

"ಅದು ಉಡೋರ್ ನೋಡೋ ಮಗ್ಗಲು ಕಣಮ್ಮ. ನೇಯೋರು ನೋಡೋದು ಇದು" ಎಂದು ಕಂಬದಲ್ಲಿದ್ದ ಅತ್ತೆಯ ತುಂಡನ್ನು ಬಿಚ್ಚಿ ಮಗುಚಿಹಾಕಿದರು.

ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆ ಮಗ್ಗದಲ್ಲಿ ಸೀರೆ ಕವುಚಿಕೊಂಡೇ ಬೆಳೆಯುತ್ತದೆ, ನೇಯುವವರ ಕಣ್ಣಿಗೆ ಬೀಳುವುದು ಅದರ ಹಿಮ್ಮುಖ. ಯಾವ ಎಳೆ ಎಲ್ಲಿ ಎದ್ದಿತು, ಎಲ್ಲಿ ಬಿದ್ದಿತು ಎನ್ನುವುದು ಅಲ್ಲಿ ಬಿಚ್ಚಿಟ್ಟಂತೆ ಕಾಣುತ್ತದೆ. ಕೆಂಪು ಶಾಯಿಯ ಕಾಲದಲ್ಲಿ ಸೂಜಿ, ಭೂತಗನ್ನಡಿ ಹಿಡಿದು ನಾನೂ ಹಿಂದಿನಿಂದಲೇ ಎಣಿಸುತ್ತಿದ್ದೆ. ಹೊಸ ಟೂಲ್ ಬಂದದ್ದೇ ತಡ, ಎಲ್ಲ ಮರೆತಿದ್ದೆ. ಮೇಲೆ ಜರಿ ಸವೆದ ಕಡೆಯೂ ಹಿಂದೆ ಎಳೆಗಳು ಗಟ್ಟಿಯಾಗಿದ್ದವು.

ಲಕ್ಷ್ಮೀದೇವಮ್ಮ ಕಣ್ಣು ಮುಚ್ಚಿಕೊಂಡು, ಹೆಬ್ಬೆರಳಿನ ಉಗುರಿನಿಂದ ಓದುತ್ತ ಹೋದರು. "ಮೂರು ಎತ್ತು, ಒಂದು ಬಿಡು. ಎರಡು ಎತ್ತು, ಎರಡು ಬಿಡು." ನಾನು ಬರೆದುಕೊಂಡೆ. ಎಳೆಯೇ ಹೋಗಿದ್ದ ಒಂದು ಕಡೆ ಬೆರಳು ನಿಂತಿತು. "ಇಲ್ಲಿ ಕೊಕ್ಕು. ಕೊಕ್ಕು ಚೌಕ ಕಣಮ್ಮ. ಗುಂಡಗೆ ಮಾಡಾಕೆ ಮನೆ ಸಾಲ್ತಾ ಇರ್ಲಿಲ್ಲ ನಮ್ಮತ್ತೇಗೆ. ಮದ್ವೆಯಾಗ್ ಬಂದ್ ಹೊಸದ್ರಲ್ಲಿ ನಾನು ಅದನ್ನೇ ಆಡ್ಕೊಂಡ್ ನಗ್ತಿದ್ದೆ." ಉಗುರು ಸರಿಸಿ ಮತ್ತೆ ಎಣಿಸತೊಡಗಿದರು.

ಓದು ಮುಗಿದ ಮೇಲೆ ಹಿಮ್ಮುಖದ ಫೋಟೋ ತೆಗೆದು ಟೂಲಿಗೆ ಕೊಟ್ಟೆ. ಈ ಸಲ ಕ್ವಾಲಿಟಿ ಲೋ. ಅಳತೆ ಅದರಲ್ಲಿದ್ದ ಅತಿ ಚಿಕ್ಕದು, ಐನೂರ ಹನ್ನೆರಡು ಪಿಕ್ಸೆಲ್. ಡೀಟೇಲ್ ಎಡತುದಿಗೆ, ಕ್ರಿಯೇಟಿವಿಟಿ ಸೊನ್ನೆ. ಎರಡೇ ಬಣ್ಣ, ನೆರಳು ಬೇಡ, ಬರೀ ಚೌಕ ಎಂದು ಟೈಪ್ ಮಾಡಿದೆ. ಒರಟು ಗಿಳಿಯೊಂದು ಬಂತು. ಸುಳ್ಳು ಹೇಳಬಾರದು, ಅದೂ ಪೂರ್ತಿ ಸರಿ ಇರಲಿಲ್ಲ. ಬಾಲ ಎರಡು ಮನೆ ಗಿಡ್ಡವಾಗಿತ್ತು, ಕಾಲಿಗೆ ಇಲ್ಲದ ಉಗುರು ಹುಟ್ಟಿತ್ತು. ಗ್ರಾಫಿಗೆ ಹಾಕಿ, ಬರೆದುಕೊಂಡ ಎಣಿಕೆಯಂತೆ ಒಂದೊಂದೇ ಮನೆ ಕೈಯಿಂದ ತಿದ್ದಿ, ಪರದೆಯನ್ನು ಆಕೆಯ ಕಡೆ ತಿರುಗಿಸಿದೆ.

ಆಕೆ ಈ ಸಲ ಮುಖ ಹತ್ತಿರ ತರಲಿಲ್ಲ. ಕೂತಲ್ಲಿಂದಲೇ ಕೈ ಚಾಚಿ, ಬೆರಳನ್ನು ನೇರವಾಗಿ ಕೊಕ್ಕಿನ ಮೇಲಿಟ್ಟರು.

"ಇಗೋ, ಇದು ಕಾಣ್ತದೆ ನಂಗೆ" ಎಂದರು. "ನಮ್ಮತ್ತೆ ಗಿಳೀನೇ ಕಣಮ್ಮ ಇದು."

ನನಗೆ ಅಳು ಬಂತು. ಆಕೆ ನನ್ನ ಬೆನ್ನು ಸವರಿ, ಊಟ ಮಾಡಿಕೊಂಡೇ ಹೋಗಬೇಕು ಎಂದು ಎದ್ದರು.

ಊರಿಗೆ ಬಂದವಳೇ ಹೊಸ ರಟ್ಟು ಹೊಡೆಸಿ ಕಳಿಸಿದೆ. ಮದುವೆಗೆ ಒಂಬತ್ತು ದಿನ ಇರುವಾಗ ಸೀರೆ ಮಗ್ಗದಿಂದ ಇಳಿಯಿತು. ಆ ವಾರವೇ ನನಗೊಂದು ಕವರ್ ಬಂತು. ಒಳಗೆ ಎರಡು ತುಂಡು: ಕೆಟ್ಟುಹೋಗಿದ್ದ ನಾಲ್ಕು ಬೆರಳು, ಸರಿಯಾದದ್ದು ಒಂದು ಗೇಣು. ಫೋನ್ ಮಾಡಿ, ಇದು ನಿಮ್ಮ ಮಗ್ಗದ ಕಂಬಕ್ಕೆ ಕಟ್ಟಬೇಕಾದದ್ದಲ್ಲವಾ ಎಂದು ಕೇಳಿದೆ.

"ನನ್ ಕಂಬದಾಗೆ ಅತ್ತೇದು ಐತಲ್ಲ. ಈ ಸರ್ತಿ ಬರ್ದೋಳು ನೀನು, ನಿನ್ ಮಗ್ಗಕ್ಕೆ ಕಟ್ಕೊ."

"ಕೆಟ್ಟಿದ್ದು ಯಾಕೆ ಕಳ್ಸಿದ್ರಿ ಅಕ್ಕಾ?"

"ಅದೂ ನಿಂದೇ ಅಲ್ವೇನಮ್ಮ" ಎಂದು ನಕ್ಕರು.

ಎರಡನ್ನೂ ಮಾನಿಟರಿನ ಕಾಲಿಗೆ ಕಟ್ಟಿದ್ದೇನೆ. ಕ್ಯಾಟಲಾಗಿಗೆ, ಅಂಗಡಿ ಬೋರ್ಡಿಗೆ ಈಗಲೂ ಹೈ ಒತ್ತುತ್ತೇನೆ. ಅಲ್ಲಿಗೆ ಅದೇ ಬೇಕು. ಆದರೆ ಯಾರು ಏನು ತಂದರೂ ಬಟನ್ ಮುಟ್ಟುವ ಮೊದಲು, ಎಷ್ಟು ಹುಕ್ಕಿನ ಮಗ್ಗ, ನೇಯುವವರು ಯಾರು ಎಂದು ಕೇಳುತ್ತೇನೆ. ಕ್ವಾಲಿಟಿ ಎಷ್ಟಿರಬೇಕೆಂದು ತೀರ್ಮಾನಿಸುವುದು ಚಿತ್ರ ಹೋಗಿ ಸೇರುವ ಜಾಗ, ಅದನ್ನು ನೋಡುವ ಕಣ್ಣು. ಮೂವತ್ತು ವರ್ಷ ದುಡಿದವಳು ಮರೆತಿದ್ದ ಈ ಪಾಠವನ್ನು ಒಂದು ಗಡಸು ಮಾತೂ ಆಡದೆ ಆಕೆ ನೆನಪಿಸಿದರು. ಆ ಋಣ ನನ್ನ ಮೇಲಿದೆ.

ಲಕ್ಷ್ಮೀದೇವಮ್ಮ ಈಗ ಮಗ್ಗಕ್ಕೆ ಕೂರುವುದಿಲ್ಲ. ಬೆಳಕು, ನೆರಳು ಇಷ್ಟು ಗೊತ್ತಾಗುತ್ತದಂತೆ. ಮೊನ್ನೆ ಸುಮ ಫೋನ್ ಮಾಡಿದ್ದಳು. ಹಬ್ಬಕ್ಕೆ ತವರಿಗೆ ಬಂದಾಗ ಆ ಸೀರೆಯನ್ನೇ ಉಟ್ಟಿದ್ದಳಂತೆ. ಅಜ್ಜಿ ಪಕ್ಕದಲ್ಲಿ ಕೂರಿಸಿಕೊಂಡು, ಅಂಚನ್ನು ಮಗುಚಿ, ಉಗುರು ಓಡಿಸುತ್ತ ಮೂರು ಎತ್ತು, ಒಂದು ಬಿಡು ಎಂದು ಎಣಿಸಿದರಂತೆ. ಕೊಕ್ಕಿನ ಹತ್ತಿರ ಬಂದಾಗ ನಿಲ್ಲಿಸಿ, ಚೌಕ ಐತೆ ಎಂದರಂತೆ.